ಹಾರ ಸಾಕು, ‘ಶಿಕಾರಿ’ ಓದಿ

ಯಶವಂತ ಚಿತ್ತಾಲರ ಹೆಸರು ಬಂದರೆ ನಮ್ಮ ಉತ್ತರ ಕನ್ನಡದವರ ಎದೆ ಉಬ್ಬುತ್ತದೆ. ‘ನಮ್ಮ ಹನೇಹಳ್ಳಿಯವರು, ಮುಂಬಯಿಗೆ ಹೋದರೂ ಊರು ಮರೆಯಲಿಲ್ಲ’ ಅನ್ನುತ್ತೇವೆ. ಭಾಷಣ, ಫೋಟೋಕ್ಕೆ ಹಾರ, ಆಮೇಲೆ ಉಪ್ಪಿಟ್ಟು-ಚಾ. ಅಂಥದೊಂದು ಕಾರ್ಯಕ್ರಮ ಮುಗಿದ ಮೇಲೆ ಪಕ್ಕ ಕೂತವರನ್ನು ಕೇಳಿದೆ, ‘ಶಿಕಾರಿ ಓದಿದ್ದೀರಾ?’ ‘ಅದು ಕಷ್ಟ ಮಾರಾಯ್ರೆ, ಎಂ.ಎ. ಮಾಡುವವರಿಗೆ ಅದು’ ಅಂದರು. ಅರ್ಧ ಗಂಟೆ ಮೊದಲು ಚಿತ್ತಾಲರ ಬಗ್ಗೆ ಭಾಷಣ ಮಾಡಿದವರು ಅವರೇ!

ನನ್ನ ತಕರಾರು ಇಷ್ಟೇ. ಚಿತ್ತಾಲರನ್ನು ನಾವು ಊರ ನೆನಪಿನ ಲೇಖಕ ಮಾಡಿ ಗೋಡೆಗೆ ತೂಗುಹಾಕಿದ್ದೇವೆ. ಅವರು ಬೇಕಲೈಟ್ ಹೈಲಂ ಕಂಪನಿಯಲ್ಲಿ ದುಡಿದ ಪಾಲಿಮರ್ ತಜ್ಞ. ಕಂಪನಿಯೊಳಗೆ ಮನುಷ್ಯ ಮನುಷ್ಯನನ್ನು ಹೇಗೆ ಬೇಟೆಯಾಡುತ್ತಾನೆ ಎಂಬುದನ್ನು 1979ರಲ್ಲೇ ಬರೆದಿಟ್ಟವರು.

‘ಶಿಕಾರಿ’ಯ ನಾಗಪ್ಪ ಹನೇಹಳ್ಳಿಯಿಂದ ಮುಂಬಯಿಗೆ ಹೋಗಿ ದೊಡ್ಡ ಹುದ್ದೆಗೇರಿದವನು. ಒಂದು ದಿನ ಅವನನ್ನು ಕೆಲಸದಿಂದ ದೂರ ಇಡುತ್ತಾರೆ. ತಪ್ಪೇನೆಂದು ಸರಿಯಾಗಿ ಹೇಳುವವರಿಲ್ಲ. ಮೇಲೆ ಫಿರೋಜ್ ಬಂದೂಕ್‌ವಾಲಾ, ಪಕ್ಕದಲ್ಲೇ ಊರ ಕಡೆಯ ಶ್ರೀನಿವಾಸ. ಚಿತ್ತಾಲರು ನಮ್ಮನ್ನು ನಾಗಪ್ಪನ ತಲೆಯೊಳಗೇ ಕೂರಿಸಿಬಿಡುತ್ತಾರೆ. ಯಾವುದು ನಿಜವಾದ ಸಂಚು, ಯಾವುದು ಅವನ ಭಯ ಎಂದು ಬಿಡಿಸಲು ಹೋಗಿ ನಾವೂ ಬೆವರುತ್ತೇವೆ. ಕನ್ನಡ ಕಾದಂಬರಿಗೆ ಅವರು ಕೊಟ್ಟ ಹೊಸತು ಇದು. ವಿಮರ್ಶಕರು ಇಲ್ಲಿ ಕಾಫ್ಕಾನನ್ನು ನೆನೆಯುತ್ತಾರೆ. ನೆನೆಯಲಿ. ಆದರೆ ಇದನ್ನು ಓದಲು ಕಾಫ್ಕಾ ಬೇಡ, ಆಫೀಸಿನಿಂದ ಒಂದು ಮೇಲ್ ಬಂದಿದ್ದರೆ ಸಾಕು.

ನಮ್ಮ ಇಸಳೂರಿನ ಮನೆಗೆ ಹೋದ ಮಳೆಗಾಲದಲ್ಲಿ ತಮ್ಮನ ಮಗ ಬಂದ. ಬೆಂಗಳೂರಿನ ಕಂಪನಿಯೊಂದರಲ್ಲಿ ಒಂದು ಬೆಳಿಗ್ಗೆ ಲಾಗಿನ್ನೇ ಆಗಲಿಲ್ಲವಂತೆ. ಮಧ್ಯಾಹ್ನ ಮೀಟಿಂಗು, ಸಂಜೆ ಕೆಲಸ ಇಲ್ಲ. ಮನೆಯಲ್ಲಿ ‘ರಜೆ’ ಅಂದಿದ್ದ. ಹತ್ತು ದಿನ ಜಗುಲಿಯಲ್ಲಿ ಕೂತು ಮಳೆ ನೋಡಿದ. ಯಾರು ಚಾಡಿ ಹೇಳಿದರು, ಎಲ್ಲಿ ತಪ್ಪಿದೆ ಎಂದು ಒಳಗೊಳಗೇ ಲೆಕ್ಕ. ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ, ‘ಶಿಕಾರಿ’ ಕೊಟ್ಟೆ. ನಾಲ್ಕನೇ ದಿನ ಕೇಳಿದ: ‘ದೊಡ್ಡಪ್ಪಾ, ಇವಂಗೆ ಎಂಗಳ ಆಫೀಸು ಹ್ಯಾಂಗೆ ಗೊತ್ತಿತ್ತು?’ ಅಂದು ರಾತ್ರಿ ಅಪ್ಪ-ಅಮ್ಮನಿಗೆ ನಿಜ ಹೇಳಿದ.

ಕಾದಂಬರಿ ಕೆಲಸ ಕೊಡಿಸುವುದಿಲ್ಲ, ಗೊತ್ತು. ಆದರೆ ಮನೆಗೊಬ್ಬರನ್ನು ಕಂಪನಿಗೆ ಕಳಿಸಿ, ತೋಟ ನೋಡಿಕೊಳ್ಳಲು ಮುದುಕರನ್ನು ಉಳಿಸಿಕೊಂಡ ನಮ್ಮೂರುಗಳಿಗೆ ಇದಕ್ಕಿಂತ ಹತ್ತಿರದ ಪುಸ್ತಕ ಯಾವುದಿದೆ ಹೇಳಿ? ಇದನ್ನು ‘ನವ್ಯದ ಕಾಲದ್ದು’ ಎಂದು ಕಪಾಟಿಗೆ ಸೇರಿಸಿದ್ದು ಸೋಮಾರಿತನ. ನಾನೂ ಕಾಲೇಜಿನಲ್ಲಿ ಮೂವತ್ತು ಪುಟಕ್ಕೆ ಕೈಬಿಟ್ಟವನೇ, ಹಾಗಾಗಿ ಬೈಗುಳದಲ್ಲಿ ನನಗೂ ಪಾಲಿದೆ. ಕಷ್ಟ ಅನ್ನುವವರಿಗೆ ಒಂದೇ ಮಾತು: ರಾತ್ರಿಯಿಡೀ ಕೂತು ತಾಳಮದ್ದಲೆಯಲ್ಲಿ ಕೃಷ್ಣ-ಕೌರವರ ವಾದ ಕೇಳುವವರು ನಾವು. ಒಬ್ಬ ನಾಗಪ್ಪ ತನ್ನೊಡನೆ ತಾನೇ ವಾದ ಮಾಡಿದರೆ ಕೇಳಲಾರೆವೇ?

ಮುಂದಿನ ಕಾರ್ಯಕ್ರಮದಲ್ಲಿ ಭಾಷಣ ಬಿಡಿ. ‘ಶಿಕಾರಿ’ಯ ಒಂದು ಅಧ್ಯಾಯ ಗಟ್ಟಿಯಾಗಿ ಓದಿ. ಉಪ್ಪಿಟ್ಟು ಆಮೇಲೆ.