ಗೋಟೂರಿನ ಬಂಗಲೆಯಲ್ಲಿ ಕಲ್ಪನಾ ಸಿಗುವುದಿಲ್ಲ

ಎಚ್.ಡಿ. ಕೋಟೆ ಕಡೆಯಿಂದ ಮೈಸೂರಿಗೆ ಹೊರಟವರಿಗೆ ನಗರ ಸೇರುವ ಮುನ್ನ ಉದ್ಬೂರು ಗೇಟಿನ ಬಳಿ ವಿಷ್ಣುವರ್ಧನ್ ಸ್ಮಾರಕ ಸಿಗುತ್ತದೆ. ಐದು ಎಕರೆಯ ಈ ಜಾಗಕ್ಕಾಗಿ ಅಭಿಮಾನಿಗಳು ಹದಿಮೂರು ವರ್ಷ ಕಾದರು. 2023ರ ಜನವರಿ 29ರಂದು ಅದು ಉದ್ಘಾಟನೆಯಾಯಿತು. ಆ ಕಲಾವಿದನ ಬದುಕನ್ನು ಯಾರಾದರೂ ತೆರೆಗೆ ತರಲು ಹೊರಟರೆ 1973ಕ್ಕೆ ಬಂದು ನಿಂತುಬಿಡುತ್ತಾರೆ. ‘ಗಂಧದ ಗುಡಿ’ಯ ಚಿತ್ರೀಕರಣದಲ್ಲಿ ನಿಜವಾದ ಗುಂಡು ಹಾರಿತು ಎಂಬ ಮಾತು ಆಗ ಹಬ್ಬಿ, ದಶಕಗಳ ಕಾಲ ವಿಷ್ಣುವರ್ಧನ್ ಅವರ ಬೆನ್ನು ಬಿಡಲಿಲ್ಲ. ಆ ಚಿತ್ರದ ನಾಯಕ ರಾಜ್‌ಕುಮಾರ್ ಮತ್ತು ಅವರು ಮತ್ತೆ ಒಟ್ಟಿಗೆ ನಟಿಸಲೂ ಇಲ್ಲ. ಆ ದಿನವನ್ನು ತೋರಿಸಿದರೆ ಅಭಿಮಾನಿಗಳು ಚಿತ್ರಮಂದಿರದ ಮುಂದೆ ಕೂರುತ್ತಾರೆ. ಬಿಟ್ಟರೆ ಆ ಮನುಷ್ಯ ಮೂರು ದಶಕಕ್ಕೂ ಹೆಚ್ಚು ಕಾಲ ಎದೆಯಲ್ಲಿಟ್ಟುಕೊಂಡ ನೋವೇ ಚಿತ್ರದಿಂದ ಹೊರಗುಳಿಯುತ್ತದೆ.

ಇಂಥ ಅಂಜಿಕೆ ಕನ್ನಡ ಚಿತ್ರರಂಗವನ್ನು ಎಲ್ಲಿಗೆ ತಂದು ನಿಲ್ಲಿಸಿದೆ ಎಂಬುದಕ್ಕೆ ‘ಮಿನುಗುತಾರೆ’ ಎಂದೇ ಹೆಸರಾದ ನಟಿ ಕಲ್ಪನಾ ಅವರ ಪ್ರಕರಣಕ್ಕಿಂತ ಬೇರೆ ಸಾಕ್ಷಿ ಬೇಡ.

2015ರಲ್ಲಿ ಪೂಜಾ ಗಾಂಧಿ ತಾವೇ ನಿರ್ಮಿಸಿ ನಟಿಸಿದ ‘ಅಭಿನೇತ್ರಿ’ ಬಂತು. ಸತೀಶ್ ಪ್ರಧಾನ್ ನಿರ್ದೇಶನದ ಈ ಚಿತ್ರ ಮಿನುಗುತಾರೆಯ ಬದುಕಿನಿಂದ ಪ್ರೇರಿತ ಎಂದೇ ಸುದ್ದಿಯಾಗಿತ್ತು. ಕಥೆ ತಮ್ಮ ಕಾದಂಬರಿಯದು ಎಂದು ಲೇಖಕಿಯೊಬ್ಬರು ತಕರಾರು ತೆಗೆದರು. ತೆರೆಯ ಮೇಲೆ ಮಾತ್ರ ಕಲ್ಪನಾ ಇಲ್ಲ, ಶರತ್‌ಲತಾ ಇದ್ದಾಳೆ. ಅದು ಕಲ್ಪನಾ ಅವರ ಹುಟ್ಟುಹೆಸರೇ! ಪ್ರಚಾರಕ್ಕೆ ಬೇಕಾದ ಹೆಸರು ಹೊಣೆ ಹೊರುವ ಹೊತ್ತಿಗೆ ಬೇಡವಾಗುವುದು ಎಲ್ಲಿಯ ನ್ಯಾಯ? ಸತ್ತವರು ಬಂದು ತಮ್ಮ ಮಾತು ಹೇಳಲಾರರು. ಅವರ ಬದುಕನ್ನು ಎತ್ತಿಕೊಂಡವರು ಅವರ ಹೆಸರನ್ನೂ ಎತ್ತಿಕೊಳ್ಳಬೇಕು.

ಕಲ್ಪನಾ ಎಂದೊಡನೆ ಜನರ ಬಾಯಿಗೆ ಬರುವುದು 1979ರ ಮೇ ತಿಂಗಳು ಮತ್ತು ಸಂಕೇಶ್ವರದ ಬಳಿಯ ಗೋಟೂರಿನ ಪ್ರವಾಸಿ ಬಂಗಲೆ. ಗುಡಗೇರಿ ಬಸವರಾಜರ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದ ಆಕೆ ಅಲ್ಲಿ ತೀರಿಕೊಂಡಾಗ ವಯಸ್ಸು ಇನ್ನೂ ಮೂವತ್ತೈದು. ಆ ಒಂದು ರಾತ್ರಿಯ ಬಗ್ಗೆ ಹುಟ್ಟಿರುವ ಕಥೆಗಳಿಗೆ ಲೆಕ್ಕವಿಲ್ಲ. ಅದಕ್ಕೂ ಹಿಂದಿನ ಹದಿನಾರು ವರ್ಷಗಳನ್ನು ಕೇಳುವವರು ಕಡಿಮೆ. 1963ರ ‘ಸಾಕು ಮಗಳು’ ಚಿತ್ರದ ಹೊಸ ಹುಡುಗಿ 1967ರ ‘ಬೆಳ್ಳಿಮೋಡ’ದ ಇಂದಿರೆಯಾದದ್ದು ಹೇಗೆ? ಆ ಗಂಟಲು, ಮಾತಿನ ನಡುವೆ ಉಸಿರು ಹಿಡಿಯುವ ಆ ರೀತಿ ಎಲ್ಲಿಂದ ಬಂತು? ನಿರ್ದೇಶಕ ಪುಟ್ಟಣ್ಣ ಕಣಗಾಲ್ ಒಂದು ನೋಟಕ್ಕಾಗಿ ಏನೇನು ಮಾಡಿಸಿದರು, ಆಕೆ ತಾನಾಗಿ ಏನು ಸೇರಿಸಿದಳು? ಜೀವನಚಿತ್ರ ಎಂದು ಕರೆಸಿಕೊಳ್ಳಬೇಕಾದರೆ ಇವುಗಳಿಗೆ ಉತ್ತರ ಹುಡುಕಬೇಕು.

‘ಶರಪಂಜರ’ವನ್ನೇ ನೋಡಿ. ಮೈಸೂರಿನಲ್ಲಿ ಬಾಳಿದ ತ್ರಿವೇಣಿಯವರ ಕಾದಂಬರಿ. 1971ರಲ್ಲಿ ತೆರೆಗೆ ಬಂದು ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದ ಕಾವೇರಿ ವಾಸಿಯಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯವರಿಗೂ ನೆರೆಯವರಿಗೂ ಆಕೆ ‘ಹುಚ್ಚಿ’ಯಾಗಿಯೇ ಉಳಿಯುತ್ತಾಳೆ. ಯಾರೂ ಅವಳನ್ನು ಆ ಒಂದು ಪದದಾಚೆ ನೋಡುವುದಿಲ್ಲ. ಕಾವೇರಿಗೆ ಜೀವ ಕೊಟ್ಟ ನಟಿಯನ್ನು ನಾವು ನಡೆಸಿಕೊಂಡದ್ದೂ ಹೀಗೆಯೇ. ಕೊನೆಯ ಒಂದು ದಿನವನ್ನು ಹಿಡಿದುಕೊಂಡು ಇಡೀ ಬಾಳನ್ನು ಅದರಿಂದಲೇ ಅಳೆದೆವು.

ನಟಿ ಸಿಲ್ಕ್ ಸ್ಮಿತಾ ಪಾಡು ಇನ್ನೂ ಘೋರ. ಆಕೆಯ ಬದುಕಿನಿಂದ ಪ್ರೇರಿತವಾದ 2011ರ ‘ದಿ ಡರ್ಟಿ ಪಿಕ್ಚರ್’ ಗೆದ್ದದ್ದೇ ತಡ, 2013ರಲ್ಲಿ ಕನ್ನಡದಲ್ಲಿ ‘ಡರ್ಟಿ ಪಿಕ್ಚರ್: ಸಿಲ್ಕ್ ಸಖತ್ ಮಗಾ’ ಬಂತು. ಆ ಶೀರ್ಷಿಕೆ ಒಂದೇ ಸಾಕು.

ಮನೆಯವರ ಒಪ್ಪಿಗೆ ಪಡೆದು ತೆಗೆದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. 2019ರಲ್ಲಿ ಎನ್.ಟಿ. ರಾಮರಾವ್ ಪಾತ್ರವನ್ನು ಮಗ ಬಾಲಕೃಷ್ಣ ತಾವೇ ಮಾಡಿದರು, ಎರಡು ಭಾಗಗಳಲ್ಲಿ. ಅದೇ ವರ್ಷ ರಾಮ್‌ಗೋಪಾಲ್ ವರ್ಮಾ ‘ಲಕ್ಷ್ಮೀಸ್ ಎನ್‌ಟಿಆರ್’ ತೆಗೆದರು. ಒಂದರಲ್ಲಿ ಆರತಿ, ಇನ್ನೊಂದರಲ್ಲಿ ಹಗೆ. ಎರಡರ ನಡುವೆ ಮನುಷ್ಯ ಕಾಣೆ. ಒಪ್ಪಿಗೆಪತ್ರ ಕೋರ್ಟಿನಿಂದ ಕಾಪಾಡೀತು, ಸುಳ್ಳಿನಿಂದ ಕಾಪಾಡದು.

ಹಾಗಾದರೆ ಸಾಧ್ಯವೇ ಇಲ್ಲವೇ? ಇದೆ. ನಾಗ್ ಅಶ್ವಿನ್ ಅವರ ‘ಮಹಾನಟಿ’ಯಲ್ಲಿ (2018) ಸಾವಿತ್ರಿ ಎಡಗಣ್ಣಿನಿಂದ ಮಾತ್ರ ಎರಡೇ ಹನಿ ಕಣ್ಣೀರು ಇಳಿಸುವ ದೃಶ್ಯವಿದೆ. ಆ ಒಂದು ಗಳಿಗೆಯಲ್ಲಿ ಆಕೆಯ ಕಸುಬು ಏನೆಂದು ಪ್ರೇಕ್ಷಕನಿಗೆ ಅರ್ಥವಾಗುತ್ತದೆ. ಸಾವಿತ್ರಿಯ ಪತಿ ಜೆಮಿನಿ ಗಣೇಶನ್ ಅವರ ಮಗಳು ತಮ್ಮ ತಂದೆಯನ್ನು ಚಿತ್ರಿಸಿದ ರೀತಿಗೆ ಆಕ್ಷೇಪಿಸಿದರು. ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೂ ಚಿತ್ರ ಸಾವಿತ್ರಿಯ ಹೆಸರನ್ನು ಮುಚ್ಚಿಡಲಿಲ್ಲ, ಕುಡಿತವನ್ನೂ ಮುಚ್ಚಿಡಲಿಲ್ಲ, ಕೆಲಸವನ್ನಂತೂ ಮರೆಯಲೇ ಇಲ್ಲ.

ಕನ್ನಡದ್ದೇ ಇನ್ನೊಂದು ದಾರಿಯಿದೆ. 2022ರ ಅಕ್ಟೋಬರ್ 28ರಂದು ಬಂದ ಅಮೋಘವರ್ಷರ ‘ಗಂಧದ ಗುಡಿ’ ಜೀವನಚಿತ್ರವಲ್ಲ. ಕಾಡು, ಕಡಲುಗಳ ತಿರುಗಾಟ. ಅಲ್ಲಿ ನಟ ಪುನೀತ್ ರಾಜ್‌ಕುಮಾರ್ ಪಾತ್ರವನ್ನು ಪುನೀತ್ ಬಿಟ್ಟು ಬೇರೆ ಯಾರೂ ಮಾಡಿಲ್ಲ. ಫೈಟಿಲ್ಲ, ಅಬ್ಬರದ ಡೈಲಾಗಿಲ್ಲ. ನಗು, ಅಳುಕು, ಕುತೂಹಲ ಇದ್ದ ಹಾಗೇ ಇವೆ. ಎಷ್ಟೋ ಜೀವನಚಿತ್ರಗಳು ಮೂರು ಗಂಟೆಯಲ್ಲಿ ಕೊಡಲಾಗದ ಸಾಮೀಪ್ಯವನ್ನು ಅದು ಕೊಡುತ್ತದೆ.

ಕಲ್ಪನಾ ಅವರಿಗೆ ಇಂಥ ತುಣುಕುಗಳಿಲ್ಲ. ಆದರೆ ಅವರ ಜೊತೆ ಬಣ್ಣ ಹಚ್ಚಿದವರು, ಉತ್ತರ ಕರ್ನಾಟಕದ ಕಂಪನಿ ನಾಟಕಗಳಲ್ಲಿ ಎದುರು ನಿಂತು ಮಾತಾಡಿದವರು, ಪರದೆ ಎಳೆದವರು ಇದ್ದಾರೆ. ಅವರಿಗೀಗ ಎಪ್ಪತ್ತು, ಎಂಬತ್ತು. ಕಲ್ಪನಾ ಬಗ್ಗೆ ಮತ್ತೊಂದು ಚಿತ್ರ ಮಾಡಬೇಕೆನ್ನುವವರು ಕ್ಯಾಮೆರಾವನ್ನು ಗೋಟೂರಿಗೆ ಒಯ್ಯುವ ಮೊದಲು ಇವರ ಮನೆಬಾಗಿಲಿಗೆ ಒಯ್ಯಲಿ, ಈ ವರ್ಷವೇ.