ವರ್ಣಭೇದವೂ ನಮ್ಮ ಶಾಲೆಯ ಪಾಠವೂ

ವರ್ಣಭೇದವೆಂದರೇನೆಂದು ನಮ್ಮ ವಿದ್ಯಾರ್ಥಿಗಳನ್ನು ಕೇಳಿದರೆ ಬಹುಮಂದಿ ಒಂದೇ ಉತ್ತರವನ್ನು ಕೊಡುವರು. 1893ರ ಜೂನ್ 7ರ ರಾತ್ರಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ, ಮೊದಲನೆಯ ತರಗತಿಯ ಟಿಕೇಟು ಇದ್ದರೂ, ತರುಣ ಬ್ಯಾರಿಸ್ಟರ್ ಗಾಂಧಿಯವರನ್ನು ರೈಲಿನಿಂದ ಕೆಳಕ್ಕೆ ನೂಕಿದರು. ಈ ಪಾಠವನ್ನು ಓದಿದಾಗ ನಮ್ಮ ರಕ್ತ ಕುದಿಯುತ್ತದೆ, ಕುದಿಯಬೇಕಾದದ್ದೇ. ಆದರೆ ಈ ಪಾಠವು ನಮ್ಮ ಮನಸ್ಸನ್ನು ಯಾವ ಕಡೆಗೆ ತಿರುಗಿಸುತ್ತದೆಂಬುದು ವಿಚಾರಾರ್ಹವಾದ ಸಂಗತಿ.

ನನ್ನ ಅಭಿಪ್ರಾಯದಲ್ಲಿ ಅದು ಅರ್ಧ ಪಾಠ. ವರ್ಣಭೇದವೆಂಬುದು ಬಿಳಿಯರು ನಮಗೆ ಮಾಡಿದ ಅನ್ಯಾಯ; ಅವರು ಹೋದರು, ಅದೂ ಹೋಯಿತು ಎಂಬ ಭಾವನೆಯಷ್ಟೇ ಮನಸ್ಸಿನಲ್ಲಿ ಉಳಿಯುತ್ತದೆ. ನೂಕಿಸಿಕೊಂಡವರ ಪಕ್ಷದಲ್ಲಿ ನಿಂತು ಓದುವವನಿಗೆ, ನೂಕುವ ಕೈ ತನ್ನದೂ ಆಗಬಹುದೆಂಬ ಸಂದೇಹವೇ ಹುಟ್ಟುವುದಿಲ್ಲ.

ಅದೇ ಚರಿತ್ರೆಯಲ್ಲಿ ಇನ್ನೊಂದು ಪುಟವಿದೆ. ಡರ್ಬಾನಿನ ಅಂಚೆ ಕಚೇರಿಗೆ ಆಗ ಎರಡು ಬಾಗಿಲುಗಳಿದ್ದವು: ಯೂರೋಪಿಯನ್ನರಿಗೆ ಒಂದು, ಆಫ್ರಿಕದ ಮೂಲನಿವಾಸಿಗಳಿಗೂ ಭಾರತೀಯರಿಗೂ ಕೂಡಿ ಇನ್ನೊಂದು. ಇದು ತಮಗೆ ಅವಮಾನವೆಂದು 1895ರ ಸುಮಾರಿಗೆ ಗಾಂಧಿಯವರೂ ಅವರ ಸಂಗಡಿಗರೂ ಅಧಿಕಾರಿಗಳಿಗೆ ಮನವಿ ಸಲ್ಲಿಸಿದರು. ಫಲವೇನು? ಬೇರೆ ಬೇರೆ ಬಾಗಿಲಿನ ಪದ್ಧತಿ ಹೋಗಲಿಲ್ಲ. ಭಾರತೀಯರಿಗೆಂದು ಮೂರನೆಯ ಬಾಗಿಲು ಬಂದಿತು!

ಮಹಾತ್ಮರ ವಿಷಯದಲ್ಲಿ ಇದನ್ನು ಮಕ್ಕಳಿಗೆ ಹೇಳಬಹುದೆ ಎಂದು ಕೆಲವರು ಕೇಳಿಯಾರು. ಹೇಳಲೇಬೇಕೆಂದು ನನ್ನ ವಾದ. ಅನ್ಯಾಯಕ್ಕೆ ಗುರಿಯಾದವನು ಕೂಡ ತನಗಿಂತ ಕೆಳಗೆ ಒಬ್ಬನನ್ನು ನಿಲ್ಲಿಸಿಕೊಳ್ಳಲು ಬಯಸುವನೆಂಬ ಸತ್ಯ ಇಲ್ಲಿದೆ. 1908ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಅದೇ ಗಾಂಧಿಯವರು ಎಲ್ಲ ಜನಾಂಗಗಳೂ ಬೆರೆತು ಹೊಸ ನಾಗರಿಕತೆಯನ್ನು ಕಟ್ಟುವ ಕನಸನ್ನು ಮುಂದಿಟ್ಟರು. ಹುಟ್ಟುತ್ತಲೇ ಮಹಾತ್ಮರಾದವರನ್ನು ನಾವು ಪೂಜಿಸಬಹುದು. ಬೆಳೆದು ಮಹಾತ್ಮರಾದವರನ್ನು ಅನುಸರಿಸಲೂಬಹುದು.

ಪಾಠದ ಆ ಉಳಿದ ಅರ್ಧವನ್ನು ಕಲಿಸುವುದು ಹೇಗೆಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ಪ್ರಸಿದ್ಧವಾಗಿದೆ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಮರುದಿನ, ಅಯೋವ ಸಂಸ್ಥಾನದ ರೈಸ್‌ವಿಲ್ ಎಂಬ ಬಿಳಿಯರದೇ ಆದ ಪುಟ್ಟ ಊರಿನಲ್ಲಿ, ಜೇನ್ ಎಲಿಯಟ್ ಎಂಬ ಉಪಾಧ್ಯಾಯಿನಿ ತಮ್ಮ ಮೂರನೆಯ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದಂತೆ ಎರಡು ಪಾಲು ಮಾಡಿದರು. ನೀಲಿ ಕಣ್ಣಿನವರು ಒಂದು ಕಡೆ, ಕಂದು ಕಣ್ಣಿನವರು ಇನ್ನೊಂದು ಕಡೆ. ಮೇಲೆನಿಸಿಕೊಂಡವರಿಗೆ ಆಟದ ಬಿಡುವು ಹೆಚ್ಚು. ಕೀಳೆನಿಸಿಕೊಂಡವರಿಗೆ ಗುರುತಿನ ಬಟ್ಟೆಯ ಪಟ್ಟಿ. ಮುಂದಿನ ಸರದಿಯಲ್ಲಿ ಸ್ಥಾನಗಳು ಅದಲುಬದಲಾದವು. ನಿನ್ನೆಯ ಗೆಳೆಯರು ಗೆಳೆಯರನ್ನೇ ಹೀಯಾಳಿಸತೊಡಗಿದರು. ಕೀಳೆನಿಸಿಕೊಂಡವರು ಬರುವ ಪಾಠವನ್ನೂ ತಡವರಿಸಿದರು. 1970ರಲ್ಲಿ ಈ ಪ್ರಯೋಗ ನಡೆಸಿದ ತರಗತಿಯ ಚಲನಚಿತ್ರವನ್ನು ತೆಗೆದರು. ಆ ಮಕ್ಕಳಲ್ಲಿ ಕೆಲವರು 1984ರಲ್ಲಿ ಮತ್ತೆ ಕೂಡಿದಾಗ, ಆ ಪಾಠ ತಮ್ಮನ್ನು ಬಿಟ್ಟುಹೋಗಿಲ್ಲವೆಂದು ಹೇಳಿದರು.

ಮುಂಚಿತವಾಗಿ ತಿಳಿಸದೆ ಎಳೆಯ ಮಕ್ಕಳನ್ನು ಹೀಗೆ ನೋಯಿಸುವುದು ನ್ಯಾಯವೆ ಎಂಬ ಆಕ್ಷೇಪ ಉಂಟು. ಆಕ್ಷೇಪ ಸರಿಯಾದುದೇ, ನಮ್ಮ ಶಾಲೆಗಳಲ್ಲಿ ಅದನ್ನೇ ಮಾಡಬೇಕೆಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಕೃತಕವಾಗಿ ಭೇದವನ್ನು ಹುಟ್ಟಿಸುವ ಅಗತ್ಯವೇ ಇಲ್ಲವಷ್ಟೆ! ಮೈಬಣ್ಣವನ್ನು ಹಿಡಿದು ಅಡ್ಡಹೆಸರಿಡುವ ಪದ್ಧತಿ ಯಾವ ಶಾಲೆಯಲ್ಲಿಲ್ಲ? ಅಸ್ಪೃಶ್ಯತೆಯನ್ನು ರದ್ದುಮಾಡಿದ ಸಂವಿಧಾನದ 17ನೆಯ ವಿಧಿಯನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದು, ಊರಿಗೆ ಹೋದಾಗ ಕೇರಿಯ ಸಹಪಾಠಿಯನ್ನು ಜಗಲಿಯಿಂದಲೇ ಮಾತನಾಡಿಸಿ ಕಳುಹಿಸುವವರಿಲ್ಲವೆ?

ದೂರದ ದೃಷ್ಟಾಂತಗಳೇಕೆ? ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಡೆಯ ಸಿದ್ದಿ ಜನರ ಪೂರ್ವಜರು ಆಫ್ರಿಕದಿಂದ ಬಂದು ಶತಮಾನಗಳೇ ಕಳೆದಿವೆ. ಅವರು ಕನ್ನಡ ನಾಡಿನವರೇ. ಆದರೂ ಪೇಟೆಯಲ್ಲಿ ಅವರನ್ನು ಕಂಡು ಯಾವ ದೇಶದವರೆಂದು ಕೇಳುವವರು ಈಗಲೂ ಉಂಟು. 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ಸುಡಾನ್ ದೇಶದವನೊಬ್ಬನ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ಮಡಿದರು. ಅನಂತರ ಆ ದಾರಿಯಲ್ಲಿ ಬಂದ ಟಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪೊಂದು ಕೈಮಾಡಿ, ಅವಳು ಬಂದ ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ, ಆಫ್ರಿಕದವಳೆಂಬುದೊಂದೇ ಸಾಕಾಯಿತು. ಆ ಗುಂಪಿನಲ್ಲಿ ಶಾಲೆಗೆ ಹೋದವರು ಇರಲಿಲ್ಲವೆ? ಪೀಟರ್‌ಮಾರಿಟ್ಸ್‌ಬರ್ಗಿನ ಪಾಠವನ್ನು ಓದಿದವರು ಇರಲಿಲ್ಲವೆ? ಓದಿದ್ದರೆ, ಆ ಪಾಠ ಅವರ ಕೈಯನ್ನು ಏಕೆ ತಡೆಯಲಿಲ್ಲ?

ಪಾಠದಿಂದ ಮನೋಭಾವ ತಿದ್ದುವುದಿಲ್ಲ, ಮನೆಯ ಸಂಸ್ಕಾರವೇ ದೊಡ್ಡದು ಎನ್ನುವವರಿದ್ದಾರೆ. ಮನೆಯ ಬಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮನೆಯಲ್ಲಿ ಪ್ರಶ್ನಿಸದೆ ಒಪ್ಪಿಕೊಂಡದ್ದನ್ನು ಪ್ರಶ್ನಿಸುವ ಸ್ಥಳ ಬೇರೊಂದಿದ್ದರೆ ಅದು ಶಾಲೆಯೇ. ಅಲ್ಲಿಯೂ ಪ್ರಶ್ನೆ ಏಳದಿದ್ದರೆ ಮತ್ತೆಲ್ಲಿ ಎದ್ದೀತು?

ನಮ್ಮ ಕಾಲೇಜಿನಿಂದ ಹೊರಬೀಳುವವರಲ್ಲಿ ಅನೇಕರು ಮುಂದೆ ಉಪಾಧ್ಯಾಯರಾಗತಕ್ಕವರು. ಅವರಲ್ಲಿ ನನ್ನದೊಂದು ವಿನಂತಿ. ಗಾಂಧೀಜಿಯವರನ್ನು ರೈಲಿನಿಂದ ನೂಕಿದ ಪಾಠವನ್ನು ಹೇಳಿದ ದಿನವೇ ಡರ್ಬಾನಿನ ಮೂರನೆಯ ಬಾಗಿಲನ್ನೂ ಹೇಳಿರಿ. ಬಳಿಕ, ನಮ್ಮೂರಿನಲ್ಲಿ ಅಂಥ ಬಾಗಿಲುಗಳು ಎಲ್ಲೆಲ್ಲಿವೆ, ಯಾರಿಗೆ ಬಾಡಿಗೆಯ ಮನೆ ಸಿಗುವುದಿಲ್ಲ, ಯಾರು ಒಳಗೆ ಬಂದು ನೀರು ಕುಡಿಯುವಂತಿಲ್ಲವೆಂದು ಮಕ್ಕಳನ್ನೇ ಕೇಳಿರಿ. ಉತ್ತರಗಳನ್ನು ಕರಿಯ ಹಲಗೆಯ ಮೇಲೆ ಬರೆಯಿರಿ. ಒಂದು ದಿನದ ಪಾಠ ಸಾಲದು. ವರ್ಷವರ್ಷವೂ ಇದು ನಡೆಯಬೇಕು. ಆಗ ಮಕ್ಕಳ ಕೋಪ ಸತ್ತುಹೋದ ಬಿಳಿಯ ಅಧಿಕಾರಿಯ ಮೇಲಷ್ಟೇ ನಿಲ್ಲದೆ, ಇಂದಿನ ಅನ್ಯಾಯದ ಕಡೆಗೂ ತಿರುಗೀತೆಂದು ನಾನು ನಂಬಿದ್ದೇನೆ.