ಗ್ಯಾಸ್ ಖಾಲಿ ಆಗೋದಿಲ್ಲ ಸ್ವಾಮೀ!

ಬೇಸಿಗೆ ಬಂತು ಅಂದ್ರೆ ನಮ್ಮ ರಾಜೀವನಗರದಲ್ಲಿ ಒಂದು ಮಾತು ಬೀದಿಬೀದಿಯಲ್ಲೂ ಕೇಳಿಸುತ್ತೆ. "ಸಾರ್, ಗ್ಯಾಸ್ ಕಮ್ಮಿ ಆಗಿದೆ."

ಎಸಿ ತಣ್ಣಗೆ ಮಾಡ್ತಿಲ್ವಾ? ಗ್ಯಾಸ್ ಕಮ್ಮಿ. ಗೋಡೆ ಮೇಲೆ ನೀರು ಇಳೀತಿದೆಯಾ? ಗ್ಯಾಸ್ ಕಮ್ಮಿ. ಒಳಗೆ ಐಸ್ ಕಟ್ಟಿದೆಯಾ? ಗ್ಯಾಸ್ ಕಮ್ಮಿ. ಕರೆಂಟ್ ಬಿಲ್ ಜಾಸ್ತಿ ಬಂತಾ? ಅದಕ್ಕೂ ಗ್ಯಾಸೇ ಕಾರಣ! ಎಲ್ಲ ಕಾಯಿಲೆಗೂ ಒಂದೇ ಕಷಾಯ. ಕಷಾಯದ ಬೆಲೆ ಮಾತ್ರ ನಮ್ಮ ಬೀದಿಯಲ್ಲಿ ನಾನು ಕೇಳಿದ ಹಾಗೆ ಎರಡೂವರೆಯಿಂದ ಮೂರೂವರೆ ಸಾವಿರ ರೂಪಾಯಿ.

ನಾನು ಇವತ್ತು ಹೇಳಬೇಕು ಅಂತಿರೋದು ಇಷ್ಟೇ. ಎಸಿಯಲ್ಲಿ ಗ್ಯಾಸ್ ಖಾಲಿ ಆಗೋದಿಲ್ಲ. ಸೋರುತ್ತೆ. "ಖಾಲಿ ಆಯ್ತು" ಮತ್ತು "ಸೋರಿತು" ಅನ್ನೋ ಎರಡು ಮಾತಿನ ನಡುವಿನ ಸಂದಿಯಲ್ಲೇ ಈ ಇಡೀ ವ್ಯಾಪಾರ ನಡೀತಾ ಇದೆ.

ತಪ್ಪೆಲ್ಲ ಆ 'ಗ್ಯಾಸ್' ಅನ್ನೋ ಪದದ್ದೇ ಅಂತ ನನಗೆ ಅನ್ನಿಸುತ್ತೆ. ಗ್ಯಾಸ್ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಅಡುಗೆಮನೆಯ ಸಿಲಿಂಡರ್ ಬರುತ್ತೆ. ಅದು ಉರಿಯುತ್ತೆ, ಮುಗಿಯುತ್ತೆ, ಇನ್ನೊಂದು ಬುಕ್ ಮಾಡ್ತೀವಿ. ಎಸಿಯ ಗ್ಯಾಸ್ ಹಾಗಲ್ಲ ಕಣ್ರೀ. ಅದು ಮುಚ್ಚಿದ ತಾಮ್ರದ ಕೊಳವೆಯೊಳಗೆ ಸುತ್ತು ಹೊಡೀತಾ ಇರುತ್ತೆ. ಒಳಗಡೆ ಆವಿಯಾಗಿ ಕೋಣೆಯ ಶಾಖ ಹೀರಿಕೊಳ್ಳುತ್ತೆ, ಹೊರಗಡೆಯ ಡಬ್ಬದಲ್ಲಿ ಮತ್ತೆ ದ್ರವವಾಗಿ ಆ ಶಾಖವನ್ನ ಬಿಟ್ಟುಕೊಡುತ್ತೆ. ಉರಿಯೋದೂ ಇಲ್ಲ, ಸವೆಯೋದೂ ಇಲ್ಲ. ನಿಮ್ಮನೆ ಫ್ರಿಜ್ಜನ್ನೇ ನೋಡಿ. ಅದರೊಳಗೂ ನಡೆಯೋದು ಇದೇ ಕೆಲಸ. ಹಗಲೂ ರಾತ್ರಿ ನಡೆಯುತ್ತೆ, ಹತ್ತು ಹದಿನೈದು ವರ್ಷ ನಡೆಯುತ್ತೆ. ಅದಕ್ಕೆ ವರ್ಷಾ ವರ್ಷ ಗ್ಯಾಸ್ ಹಾಕಿಸ್ತೀರಾ? ಇಲ್ವಲ್ಲ! ಹಾಗಾದ್ರೆ ವರ್ಷಕ್ಕೆ ಮೂರು ತಿಂಗಳು ಓಡೋ ಎಸಿಗೆ ಯಾಕೆ ಈ ಹಸಿವು?

ಅಮೆರಿಕದಲ್ಲಿರೋ ಬ್ಲಾಗಿಗ ಮಿತ್ರರು "ನಮ್ಮದು ಇಡೀ ಮನೆಗೆ ಒಂದೇ ಸೆಂಟ್ರಲ್ ಎಸಿ, ಅದರ ಕತೆ ಬೇರೆ" ಅನ್ನಬಹುದು. ಬೇರೆ ಅಲ್ಲ. ನಮ್ಮದು ಗೋಡೆಗೆ ನೇತುಹಾಕಿದ ಸ್ಪ್ಲಿಟ್, ನಿಮ್ಮದು ಡಕ್ಟಿನಲ್ಲಿ ಗಾಳಿ ಕಳಿಸೋ ದೊಡ್ಡಣ್ಣ. ಒಳಗಿನ ಸುತ್ತು ಒಂದೇ. ಫಿಲ್ಟರ್ ಕಟ್ಟಿಕೊಂಡರೆ ಇಬ್ಬರಿಗೂ ಬೆವರೇ.

ಹೋದ ಏಪ್ರಿಲ್‌ನಲ್ಲಿ ನಮ್ಮನೆಗೆ ಬಂದ ಹುಡುಗ ಬ್ಯಾಗ್ ಇಳಿಸಿದವನೇ ಹೊರಗಿನ ಯೂನಿಟ್‌ಗೆ ಗೇಜ್ ಸಿಕ್ಕಿಸಿದ. "ಪ್ರೆಷರ್ ಡೌನ್ ಸಾರ್, ಗ್ಯಾಸ್ ಹಾಕ್ಬೇಕು."

"ಎಲ್ಲಿ ಸೋರ್ತಿದೆ ತೋರಿಸಪ್ಪ."

"ಲೀಕ್ ಏನಿಲ್ಲ ಸಾರ್. ವರ್ಷಕ್ಕೊಂದ್ಸಲ ಕಮ್ಮಿ ಆಗೋದು ಕಾಮನ್ನು."

"ಲೀಕ್ ಇಲ್ಲ ಅಂದ್ಮೇಲೆ ಎಲ್ಲಿಗೆ ಹೋಯ್ತು ತಮ್ಮಾ?"

ಉತ್ತರ ಇಲ್ಲ. ನಾನೇ ಮುಂದಿನ ಮುಚ್ಚಳ ತೆಗೆದು ಫಿಲ್ಟರ್ ಎಳೆದೆ. ಪಕ್ಕದ ಸೈಟಿನಲ್ಲಿ ಆರು ತಿಂಗಳಿಂದ ಮನೆ ಕಟ್ತಾ ಇದ್ದಾರೆ. ಫಿಲ್ಟರ್ ಮೇಲೆ ಸಿಮೆಂಟ್ ಧೂಳಿನ ಕಂಬಳಿ! ನಲ್ಲಿ ಕೆಳಗೆ ಹಿಡಿದು ತೊಳೆದು, ನೆರಳಲ್ಲಿ ಒಣಗಿಸಿ ಹಾಕಿದೆ. ಅರ್ಧ ಗಂಟೆಯಲ್ಲಿ ಕೋಣೆ ತಂಪಾಯ್ತು. ಖರ್ಚು ಎರಡು ಬಕೆಟ್ ನೀರು :-)

ಇಲ್ಲಿ ಗೇಜ್ ಸುಳ್ಳು ಹೇಳಲಿಲ್ಲ, ಗೇಜ್ ಓದಿದವರು ಅವಸರ ಮಾಡಿದ್ರು. ಒಳಗಿನ ಕಾಯಿಲ್‌ಗೆ ಗಾಳಿ ಹೋಗದಿದ್ದರೂ ಆ ಪ್ರೆಷರ್ ಇಳಿಯುತ್ತೆ. ಗಾಳಿ ಹೋಗದಿದ್ದರೂ ಐಸ್ ಕಟ್ಟುತ್ತೆ. ಇನ್ವರ್ಟರ್ ಎಸಿಯಲ್ಲಂತೂ ಕಂಪ್ರೆಸರ್ ತನ್ನ ವೇಗ ಬದಲಾಯಿಸ್ತಾ ಇರೋದ್ರಿಂದ ಪ್ರೆಷರ್ ಕೂಡ ಅದರ ಜೊತೆ ಕುಣೀತಾ ಇರುತ್ತೆ. ಅಷ್ಟರಿಂದಲೇ "ಗ್ಯಾಸ್ ಕಮ್ಮಿ" ಅಂತ ತೀರ್ಪು ಕೊಡೋದು ಮುಖ ನೋಡಿ ಜ್ವರ ಎಷ್ಟು ಡಿಗ್ರಿ ಅಂತ ಹೇಳಿದ ಹಾಗೆ.

ಹಾಗಾಗಿ ಯಾರನ್ನಾದ್ರೂ ಕರೆಯೋ ಮುಂಚೆ ನೀವೇ ನೋಡಬಹುದಾದದ್ದು ಬೇಕಾದಷ್ಟಿದೆ.

* ರಿಮೋಟ್ ಕೂಲ್‌ನಲ್ಲಿದೆಯಾ, ಇಲ್ಲಾ ಮಕ್ಕಳು ಫ್ಯಾನ್ ಮೋಡಿಗೆ ಒತ್ತಿದ್ದಾರಾ? ನಗಬೇಡಿ, ಇದಕ್ಕೇ ವಿಸಿಟಿಂಗ್ ಚಾರ್ಜ್ ಕೊಟ್ಟವರು ನಮ್ಮ ಬೀದಿಯಲ್ಲೇ ಇದ್ದಾರೆ.
* ಫಿಲ್ಟರ್. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ತೊಳೆಯಿರಿ.
* ನೀರು ತೊಟ್ಟಿಕ್ಕುತ್ತಿದ್ದರೆ ಮೊದಲ ಅನುಮಾನ ಡ್ರೈನ್ ಪೈಪ್ ಮೇಲಿರಲಿ. ಪಾಚಿ ಕಟ್ಟಿರುತ್ತೆ, ಇಲ್ಲಾ ಪೈಪ್ ಮೇಲಕ್ಕೆ ಬಾಗಿರುತ್ತೆ.
* ಐಸ್ ಕಟ್ಟಿದರೆ ಕೂಲಿಂಗ್ ನಿಲ್ಲಿಸಿ ಬರೀ ಫ್ಯಾನ್ ಓಡಿಸಿ. ಕರಗಿದ ಮೇಲೆ ಫಿಲ್ಟರ್ ತೊಳೆದು ಹಾಕಿ. ಆಮೇಲೂ ಕಟ್ಟಿದರೆ ಮೆಕ್ಯಾನಿಕ್ ಬರಲಿ.
* ಹೊರಗಿನ ಯೂನಿಟ್. ಮೂವತ್ತು-ನಲವತ್ತರ ಸೈಟುಗಳಲ್ಲಿ ಎರಡು ಮನೆ ನಡುವಿನ ಸಂದಿಯಲ್ಲಿ ತುರುಕಿರ್ತಾರೆ. ಅದು ಬಿಟ್ಟ ಬಿಸಿಗಾಳಿಯನ್ನ ಅದೇ ಮತ್ತೆ ಎಳೆದುಕೊಳ್ಳುತ್ತೆ. ಪಾರಿವಾಳ ಗೂಡು ಕಟ್ಟಿದ್ರಂತೂ ಮುಗೀತು.
* ಹೊರಗಡೆ ಗುಂಯ್ ಅಂತ ಸದ್ದು ಬರ್ತಾ ಫ್ಯಾನ್ ತಿರುಗದಿದ್ದರೆ ಕೆಪಾಸಿಟರ್ ಹೋಗಿರಬಹುದು. ಇದನ್ನ ಮಾತ್ರ ನೀವು ಬಿಚ್ಚಬೇಡಿ. ಸ್ವಿಚ್ ಆಫ್ ಮಾಡಿದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತೆ. ಎಂಸಿಬಿ ಇಳಿಸಿ, ತಿಳಿದವರನ್ನ ಕರೆಯಿರಿ.

"ಮೂರು ಸಾವಿರಕ್ಕೆ ಇಷ್ಟುದ್ದ ಬರೀಬೇಕಾ?" ಅಂತೀರಾ? ಲೆಕ್ಕ ಅಲ್ಲಿಗೇ ನಿಲ್ಲಲ್ಲ. ಗೃಹಜ್ಯೋತಿ 2023ರಲ್ಲಿ ಬಂದಾಗಿಂದ ನಮ್ಮ ಚೆಸ್ಕಾಂ ಬಿಲ್ಲಿನಲ್ಲಿ 200 ಅನ್ನೋದು ಲಕ್ಷ್ಮಣರೇಖೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆ ಮೇಲೆ. ಒಂದೂವರೆ ಟನ್ನಿನ ಎಸಿಯ ಕಂಪ್ರೆಸರ್ ಒಂದು ಗಂಟೆ ಓಡಿದರೆ ಸುಮಾರು ಒಂದೂವರೆ ಯೂನಿಟ್. ಧೂಳಿನಿಂದಾಗಿ ದಿನಕ್ಕೆ ಒಂದು ಗಂಟೆ ಹೆಚ್ಚು ಓಡಿದರೂ ತಿಂಗಳಿಗೆ 45 ಯೂನಿಟ್. 160 ಯೂನಿಟ್‌ನಲ್ಲಿ ಆರಾಮಾಗಿದ್ದ ಮನೆ ಗೆರೆ ದಾಟೋಕೆ ಅಷ್ಟು ಸಾಕು. ಗ್ಯಾಸ್‌ಗೆ ದುಡ್ಡು ಕೊಟ್ಟೂ ಆಯ್ತು, ಬಿಲ್ಲೂ ಕಟ್ಟಿದ್ದಾಯ್ತು, ಫಿಲ್ಟರ್ ಮಾತ್ರ ಹಾಗೇ ಇದೆ!

ನಿಜವಾಗಿಯೂ ಸೋರ್ತಿದ್ರೆ? ಸೋರಬಹುದು. ಪೈಪ್ ಸೇರಿಸಿರೋ ಫ್ಲೇರ್ ನಟ್ ಹತ್ತಿರ, ಬೆಸುಗೆ ಹಾಕಿದ ಕಡೆ, ತುಕ್ಕು ಹಿಡಿದ ಕಾಯಿಲ್‌ನಲ್ಲಿ. ಆಗ ತೂತು ಮುಚ್ಚದೆ ಗ್ಯಾಸ್ ತುಂಬಿದ್ರೆ ಅದು ರಿಪೇರಿ ಅಲ್ಲ, ಬಾಡಿಗೆ. ಮುಂದಿನ ಏಪ್ರಿಲ್‌ಗೆ ಮತ್ತೆ ಕಟ್ಟಬೇಕು. ಸೋರಿ ಹೋದದ್ದು ಸುಮ್ನೆ ಮಾಯ ಆಗೋದೂ ಇಲ್ಲ. ಹಳೇ ಎಸಿಗಳ ಆರ್-22 ಓಝೋನ್ ಪದರ ತಿನ್ನುತ್ತೆ. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದನ್ನ ಹಂತಹಂತವಾಗಿ ನಿಲ್ಲಿಸ್ತಾ ಇದ್ದಾರೆ. ಆಮೇಲೆ ಬಂದ ಆರ್-410ಎ ಓಝೋನ್ ಮುಟ್ಟಲ್ಲ, ಆದರೆ ಒಂದು ಕೆಜಿ ಗಾಳಿಗೆ ಸೇರಿದರೆ ಎರಡು ಸಾವಿರ ಕೆಜಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನ ಬಿಸಿ ಮಾಡುತ್ತೆ. ಈಗಿನ ಎಸಿಗಳಲ್ಲಿ ಹೆಚ್ಚಾಗಿರೋ ಆರ್-32 ಕೂಡ ಸುಮಾರು 675 ಕೆಜಿಯಷ್ಟು. ಸೆಕೆ ಜಾಸ್ತಿ ಆಯ್ತು ಅಂತ ಎಸಿ ತಂದು, ಸೆಕೆ ಜಾಸ್ತಿ ಮಾಡೋ ಗ್ಯಾಸನ್ನ ವರ್ಷಾ ವರ್ಷ ದುಡ್ಡು ಕೊಟ್ಟು ಗಾಳಿಗೆ ಬಿಡೋದು... ಇದಕ್ಕಿಂತ ದೊಡ್ಡ ತಮಾಷೆ ಇದೆಯಾ?

ಬೀದಿ ತಿರುವಿನ ಪಂಕ್ಚರ್ ಅಂಗಡಿ ನೋಡಿ. ಗಾಳಿ ಇಳಿದ ಸೈಕಲ್ ತಂದರೆ ಬರೀ ಗಾಳಿ ತುಂಬಿ ಕಳಿಸ್ತಾರಾ? ಟ್ಯೂಬ್ ಬಿಚ್ಚಿ, ನೀರಿನ ಬಾಣಲೆಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಬರುತ್ತೆ ಅಂತ ನಿಮಗೂ ತೋರಿಸಿ, ತೇಪೆ ಹಾಕಿ, ಆಮೇಲೆ ಗಾಳಿ. ಎಸಿಗೂ ಇದೇ ಶಾಸ್ತ್ರ. ನೈಟ್ರೋಜನ್ ತುಂಬಿ, ಜಾಯಿಂಟಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರುತ್ತೆ. ನಲವತ್ತು ಸಾವಿರದ ಯಂತ್ರಕ್ಕೆ ಸೈಕಲ್ ಟ್ಯೂಬಿಗಿರೋ ಮರ್ಯಾದೆಯೂ ಬೇಡವಾ?

ಬೈಗುಳವನ್ನೆಲ್ಲ ಆ ಹುಡುಗರ ಮೇಲೆ ಹಾಕೋಕೆ ನನಗೆ ಮನಸ್ಸಿಲ್ಲ. ಏಪ್ರಿಲ್ ಬಿಸಿಲಲ್ಲಿ ಮೂರನೇ ಮಹಡಿಯ ಸಜ್ಜಾ ಮೇಲೆ ಹಗ್ಗವಿಲ್ಲದೆ ನಿಲ್ಲೋರು ಅವರು. ದಿನಕ್ಕೆ ಇಷ್ಟು ಮನೆ ಮುಗಿಸಬೇಕು ಅಂತ ಅವರ ಮೇಲೂ ಒತ್ತಡ ಇರುತ್ತೆ. ಸೋರಿಕೆ ಹುಡುಕೋಕೆ ಅರ್ಧ ದಿನ ಬೇಕು, ಗ್ಯಾಸ್ ತುಂಬೋಕೆ ಇಪ್ಪತ್ತು ನಿಮಿಷ. ಆ ಅರ್ಧ ದಿನಕ್ಕೆ ದುಡ್ಡು ಕೊಡೋಕೆ ನಾವು ತಯಾರಿಲ್ಲ! ಹುಡುಕಿ ಕೊಟ್ಟವರ ಹತ್ತಿರ ಚೌಕಾಸಿ ಮಾಡ್ತೀವಿ, ತುಂಬಿ ಹೋದವರಿಗೆ ಟೀ ಕೊಡ್ತೀವಿ. ಗ್ರಾಹಕರು ಕೇಳೋದು "ಎಷ್ಟು ಹೊತ್ತಾಗುತ್ತೆ?" ಒಂದೇ ಆದರೆ, ಬರೋ ಉತ್ತರವೂ "ಗ್ಯಾಸ್ ಕಮ್ಮಿ" ಒಂದೇ.

ಆದ್ದರಿಂದ ಪ್ರಶ್ನೆ ಬದಲಾಯಿಸೋಣ. ಗ್ಯಾಸ್ ಹಾಕ್ತೀನಿ ಅಂದವರಿಗೆ ಮೂರೇ ಪ್ರಶ್ನೆ.

ಒಂದು: ಸೋರಿಕೆ ಎಲ್ಲಿ, ಗುಳ್ಳೆ ತೋರಿಸಿ.
ಎರಡು: ವ್ಯಾಕ್ಯೂಮ್ ಪಂಪ್ ತಂದಿದ್ದೀರಾ? ತೂತು ಮುಚ್ಚಿದ ಮೇಲೆ ಒಳಗಿನ ಗಾಳಿ, ತೇವ ಪೂರ್ತಿ ಎಳೆದು ತೆಗೆಯದೆ ಗ್ಯಾಸ್ ತುಂಬಿದರೆ ಕಂಪ್ರೆಸರ್ ಆಯಸ್ಸಿಗೇ ಕುತ್ತು.
ಮೂರು: ತಕ್ಕಡಿ ಎಲ್ಲಿ? ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಹೊರಗಿನ ಯೂನಿಟ್‌ನ ತಗಡಿನ ಪಟ್ಟಿಯಲ್ಲೇ ಬರೆದಿರುತ್ತೆ. ಅಷ್ಟೇ ತೂಗಿ ಹಾಕಿ, ಬಿಲ್ಲಿನಲ್ಲೂ ಬರೆದು ಕೊಡಿ.

ಅಕ್ಕಿ ಬೇಳೆಯನ್ನ ಗ್ರಾಂ ಲೆಕ್ಕದಲ್ಲಿ ತೂಗಿಸಿಕೊಳ್ಳೋ ಜನ ನಾವು. ಗ್ಯಾಸ್ ಮಾತ್ರ ಕಣ್ಣಳತೆಯಲ್ಲಿ ಯಾಕೆ? ಮೂರು ಪ್ರಶ್ನೆಗೂ ಸರಿಯಾಗಿ ಉತ್ತರ ಕೊಡೋ ಮೆಕ್ಯಾನಿಕ್ ಸಿಕ್ಕರೆ ಚೌಕಾಸಿ ಮಾಡಬೇಡಿ, ಕೇಳಿದಷ್ಟು ಕೊಡಿ, ನಂಬರ್ ಬರೆದಿಟ್ಟುಕೊಳ್ಳಿ. ಅಂಥವರೂ ಇದ್ದಾರೆ, ನಮ್ಮ ಮೈಸೂರಲ್ಲೇ ಇದ್ದಾರೆ.

ನಿಮ್ಮೂರಲ್ಲಿ ಈ ಕಷಾಯದ ರೇಟ್ ಎಷ್ಟು? ಗುಳ್ಳೆ ತೋರಿಸಿದವರು ಯಾರಾದ್ರೂ ಸಿಕ್ಕಿದ್ದಾರಾ? ಬರೆಯಿರಿ, ಕಾಯ್ತಿರ್ತೀನಿ.